ಗುರಾಣಿಯ ಮೇಲಿನ ಪ್ರಾಣಿಗಳು: ಓದುಗರ ಪ್ರಶ್ನೆಗಳಿಗೆ ಉತ್ತರ

ಯುರೋಪಿನ ವಂಶಲಾಂಛನಗಳಲ್ಲಿ ಕಾಣುವ ಸಿಂಹ, ಹದ್ದು, ಹಂದಿ, ಕರಡಿಗಳ ಬಗ್ಗೆ ಓದುಗರು ಬರೆದ ಪತ್ರಗಳಿಗೆ ಈ ಬಾರಿ ಉತ್ತರಿಸುತ್ತಿದ್ದೇವೆ. ಒಂದೇ ಬಗೆಯ ಪ್ರಶ್ನೆಗಳನ್ನು ಸೇರಿಸಿ ಒಂದೇ ಕಡೆ ಉತ್ತರ ಕೊಟ್ಟಿದ್ದೇವೆ.

ಪ್ರಶ್ನೆ: ವಿದೇಶದಲ್ಲಿರುವ ಸ್ನೇಹಿತರೊಬ್ಬರ ಮನೆಯ ಗೋಡೆಯಲ್ಲಿ ಅವರ ಮನೆತನದ ಹೆಸರಿನ ಜೊತೆಗೆ ಕರಡಿಯಿರುವ ಲಾಂಛನದ ಫಲಕ ಇತ್ತು. ಅದರೊಂದಿಗೆ ಬಂದ ಚೀಟಿಯಲ್ಲಿ ‘ಸಿಂಹ ಎಂದರೆ ಶೌರ್ಯ, ಕರಡಿ ಎಂದರೆ ಕುಟುಂಬದ ರಕ್ಷಣೆ, ಹಂದಿ ಎಂದರೆ ಆತಿಥ್ಯ, ಜಿಂಕೆ ಎಂದರೆ ಶಾಂತಿ’ ಎಂದು ಪಟ್ಟಿ ಕೊಟ್ಟಿದ್ದರು. ಇದನ್ನು ನಂಬಬಹುದೇ?
— ನಿವೃತ್ತ ಇತಿಹಾಸ ಅಧ್ಯಾಪಕರು

ಉತ್ತರ: ಆ ಪಟ್ಟಿಯನ್ನು ಪಕ್ಕಕ್ಕಿಡಿ, ಸರ್. ವಂಶಲಾಂಛನಗಳು ರೂಢಿಗೆ ಬಂದದ್ದು 12ನೇ ಶತಮಾನದ ನಡುಭಾಗದಲ್ಲಿ. ಪ್ರಾಣಿಗೊಂದು ಗುಣ ಹಚ್ಚಿ ಬರೆದಿಡುವ ಚಾಳಿ ಬೆಳೆದದ್ದು ಬಹುಮಟ್ಟಿಗೆ 16 ಮತ್ತು 17ನೇ ಶತಮಾನದ ಲೇಖಕರಿಂದ. ಅಷ್ಟು ಹೊತ್ತಿಗೆ ಎಷ್ಟೋ ಮನೆತನಗಳು ತಮ್ಮ ಸಿಂಹವನ್ನೋ ಹಂದಿಯನ್ನೋ ಮುನ್ನೂರು, ನಾನೂರು ವರ್ಷ ಬಳಸಿ ಆಗಿತ್ತು. ಇಂದು ಫಲಕ ಮಾರುವವರು ಕೊಡುವ ಚೀಟಿಗಳು ಆ ತಡವಾಗಿ ಬಂದ ವ್ಯಾಖ್ಯಾನಗಳ ತುಣುಕುಗಳು. ಹಳೆಯ ಲಾಂಛನವೊಂದರಲ್ಲಿ ಒಂದು ಪ್ರಾಣಿ ಯಾಕಿದೆ ಎಂದು ತಿಳಿಯಬೇಕಾದರೆ ನೋಡಬೇಕಾದ ಜಾಗಗಳೇ ಬೇರೆ.

ಮೊದಲು ಹೆಸರನ್ನು ನೋಡಿ. ಹೆಸರಿನ ಸದ್ದನ್ನೇ ಚಿತ್ರವಾಗಿಸುವುದು ಲಾಂಛನಗಳಲ್ಲಿ ಅತ್ಯಂತ ಹಳೆಯ, ಅತ್ಯಂತ ಸಾಮಾನ್ಯ ಪದ್ಧತಿ. ಇಂಗ್ಲೆಂಡಿನ ಕಾರ್ಬೆಟ್ ಮನೆತನದ ಚಿನ್ನದ ಗುರಾಣಿಯ ಮೇಲೆ ಕಪ್ಪು ಕಾಗೆ ಇದೆ. ಫ್ರೆಂಚಿನಲ್ಲಿ ಆ ಜಾತಿಯ ದೊಡ್ಡ ಕಾಗೆಗೆ ಕಾರ್ಬೋ ಎನ್ನುತ್ತಾರೆ. ಲೂಸಿ ಮನೆತನಕ್ಕೆ ಮೂರು ಲೂಸ್ ಮೀನು. ಮೆಟ್ಕಾಫ್ ಮನೆತನಕ್ಕೆ ಮೂರು ಕರು, ಹೆಸರಿನ ಕೊನೆಯಲ್ಲಿ ಕರು ಎಂಬ ಇಂಗ್ಲಿಷ್ ಪದ ಕೇಳಿಸುತ್ತದಲ್ಲ, ಅದಕ್ಕೆ. ಜರ್ಮನಿಯ ಹೆನ್ನೆಬೆರ್ಗ್ ಕೌಂಟುಗಳ (ಪ್ರಾಂತದ ಒಡೆಯರ) ಗುರಾಣಿಯಲ್ಲಿ ಹಸಿರು ಗುಡ್ಡದ ಮೇಲೆ ಕಪ್ಪು ಹೇಂಟೆ ನಿಂತಿದೆ: ಹೆನ್ನೆ ಎಂದರೆ ಹೇಂಟೆ, ಬೆರ್ಗ್ ಎಂದರೆ ಗುಡ್ಡ. ಯುದ್ಧಕ್ಕೆ ಹೊರಟ ಕೌಂಟ್ ಹೇಂಟೆಯನ್ನು ಹೊತ್ತದ್ದು ಅದರ ಗುಣವನ್ನು ಮೆಚ್ಚಿಯಲ್ಲ. ಇಲ್ಲಿ ಎಡವುವುದು ಸುಲಭ, ಏಕೆಂದರೆ ಹೆಸರು ಇಂದಿನ ಇಂಗ್ಲಿಷಿನಲ್ಲಿ ಹೊಂದದಿದ್ದರೂ ಹಳೆಯ ಫ್ರೆಂಚಿನಲ್ಲೋ ಲ್ಯಾಟಿನ್ನಿನಲ್ಲೋ ಹೊಂದಬಹುದು. ಆಕ್ಸ್‌ಫರ್ಡಿನ ಅರ್ಲ್‌ಗಳಾಗಿದ್ದ ಡಿ ವೇರ್ ಮನೆತನದ ನೀಲಿ ಹಂದಿ ಅರ್ಥವಾಗುವುದು ಗಂಡು ಹಂದಿಗೆ ಲ್ಯಾಟಿನ್ನಿನಲ್ಲಿ ವೆರ್ರೆಸ್ ಎನ್ನುತ್ತಾರೆಂದು ಗೊತ್ತಾದಾಗ.

ಹೆಸರಿನಲ್ಲಿ ಸಿಗದಿದ್ದರೆ ರಕ್ತಸಂಬಂಧ ಮತ್ತು ಪ್ರದೇಶವನ್ನು ನೋಡಿ. ಆಂಜೂ ಪ್ರಾಂತದ ಕೌಂಟ್ ಜೆಫ್ರಿ ಪ್ಲಾಂಟಾಜೆನೆಟ್ 1151ರಲ್ಲಿ ತೀರಿಕೊಂಡ. ಫ್ರಾನ್ಸಿನ ಲ ಮಾನ್ ನಗರದಲ್ಲಿ ಉಳಿದಿರುವ ಅವನ ಎನಾಮೆಲ್ ಫಲಕದಲ್ಲಿ ನೀಲಿ ಗುರಾಣಿ, ಅದರ ಮೇಲೆ ಚಿನ್ನದ ಸಿಂಹಗಳು. ಅವನ ಮೊಮ್ಮಗ ವಿಲಿಯಂ ಲಾಂಗೆಸ್ಪಿ 1226ರಲ್ಲಿ ತೀರಿಕೊಂಡಾಗ ಸಾಲ್ಸ್‌ಬರಿ ಕ್ಯಾಥೆಡ್ರಲಿನ ಸಮಾಧಿಯ ಮೇಲೆ ಕೆತ್ತಿದ್ದು ಅದೇ ನೀಲಿಯ ಮೇಲಿನ ಚಿನ್ನದ ಸಿಂಹಗಳನ್ನು, ಆರು. ಮೊಮ್ಮಗನ ಸಿಂಹಗಳು ಮೊದಲು ಹೇಳುವುದು ‘ಇವನು ಇಂಥವನ ವಂಶದವನು’ ಎಂಬುದನ್ನು. ಫ್ಲಾಂಡರ್ಸ್, ಬ್ರಬಾಂಟ್, ಹಾಲೆಂಡ್, ಲಿಂಬುರ್ಗ್, ಲಕ್ಸೆಂಬುರ್ಗ್ ಹೀಗೆ ಆ ಭಾಗದ ಒಡೆಯರೆಲ್ಲ ಸಿಂಹ ಹೊತ್ತವರೇ. ಒಬ್ಬರನ್ನೊಬ್ಬರಿಂದ ಬೇರೆ ಮಾಡುತ್ತಿದ್ದದ್ದು ಬಣ್ಣ: ಫ್ಲಾಂಡರ್ಸಿಗೆ ಚಿನ್ನದ ಮೇಲೆ ಕಪ್ಪು ಸಿಂಹ, ಬ್ರಬಾಂಟಿಗೆ ಕಪ್ಪಿನ ಮೇಲೆ ಚಿನ್ನದ ಸಿಂಹ, ಹಾಲೆಂಡಿಗೆ ಚಿನ್ನದ ಮೇಲೆ ಕೆಂಪು ಸಿಂಹ.

ಹಾಗೆಂದು ಅರ್ಥವೇ ಇಲ್ಲ ಎನ್ನುವುದೂ ಸರಿಯಲ್ಲ. ಪೆಲಿಕನ್ ಹಕ್ಕಿ ತನ್ನ ಎದೆ ಕುಕ್ಕಿಕೊಂಡು ರಕ್ತದಿಂದ ಮರಿಗಳನ್ನು ಸಾಕುತ್ತದೆ ಎಂಬ ನಂಬಿಕೆ ಮಧ್ಯಯುಗದಲ್ಲಿ ಮನೆಮಾತಾಗಿತ್ತು. ಅದು ಕ್ರಿಸ್ತನ ತ್ಯಾಗದ ಸಂಕೇತ. ಬಿಷಪ್ ರಿಚರ್ಡ್ ಫಾಕ್ಸ್ 1517ರಲ್ಲಿ ಆಕ್ಸ್‌ಫರ್ಡಿನಲ್ಲಿ ಸ್ಥಾಪಿಸಿದ ಕಾರ್ಪಸ್ ಕ್ರಿಸ್ಟಿ ಕಾಲೇಜಿನ ಲಾಂಛನದಲ್ಲಿ ಆ ಹಕ್ಕಿ ಇರುವುದು ಆ ಅರ್ಥಕ್ಕಾಗಿಯೇ. ಅದೇ ಪೆಲಿಕನ್ ಪೆಲ್ಹಮ್ ಮನೆತನದ ಗುರಾಣಿಯಲ್ಲಿ ಬಂದರೆ ಹೆಸರಿನ ಸದ್ದು ಮುಂದೆ ಬರುತ್ತದೆ.

ಮನೆತನವೇ ಬೇಕೆಂದು ಅರ್ಥ ಬದಲಿಸಿಕೊಂಡದ್ದೂ ಉಂಟು. ಇಟಲಿಯ ಬಾರ್ಬೆರಿನಿ ಮನೆತನದ ಹಳೆಯ ಹೆಸರಿನಲ್ಲಿ ಟಫಾನಿ ಎಂದಿತ್ತು, ಅಂದರೆ ಕುದುರೆ ನೊಣ. ಗುರಾಣಿಯಲ್ಲಿದ್ದದ್ದೂ ಮೂರು ಕುದುರೆ ನೊಣಗಳೇ. ಮನೆತನ ಮೇಲೇರಿದಂತೆ ನೊಣಗಳು ಜೇನುನೊಣಗಳಾದವು. ಆ ಮನೆಯ ಮಫಿಯೋ 1623ರಲ್ಲಿ ಎಂಟನೆಯ ಅರ್ಬನ್ ಎಂಬ ಹೆಸರಿನಲ್ಲಿ ಪೋಪ್ ಆದ. ರೋಮಿನ ಸಂತ ಪೀಟರ್ ಚರ್ಚಿನಲ್ಲಿ ಬರ್ನಿನಿ ರಚಿಸಿದ ಕಂಚಿನ ಮಂಟಪದ ಮೇಲೆ ಆ ಜೇನುನೊಣಗಳು ಇಂದಿಗೂ ಇವೆ.

ಪ್ರಶ್ನೆ: ಐತಿಹಾಸಿಕ ಕಾದಂಬರಿಯೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಅದರಲ್ಲಿ ಒಂದು ಲಾಂಛನದ ವರ್ಣನೆ ಹೀಗಿದೆ: ‘ಅಜೂರ್, ಎ ಲಯನ್ ರ‍್ಯಾಂಪೆಂಟ್ ಗಾರ್ಡೆಂಟ್ ಆರ್, ಆರ್ಮ್ಡ್ ಅಂಡ್ ಲ್ಯಾಂಗ್ವ್ಡ್ ಗ್ಯೂಲ್ಸ್.’ ಸಿಂಹದ ಕೈಯಲ್ಲಿ ಆಯುಧ ಇದೆಯೇ?
— ಅನುವಾದಕಿ

ಉತ್ತರ: ಆಯುಧವಿಲ್ಲ ಮೇಡಂ. ಇಲ್ಲಿ ‘ಆರ್ಮ್ಡ್’ ಎಂದರೆ ಉಗುರು ಮತ್ತು ಹಲ್ಲು. ‘ಲ್ಯಾಂಗ್ವ್ಡ್’ ಎಂದರೆ ನಾಲಗೆ. ‘ಆರ್’ ಎಂಬುದು ‘ಅಥವಾ’ ಅಲ್ಲ, ಚಿನ್ನದ ಬಣ್ಣ. ಇಡೀ ವಾಕ್ಯ ಕನ್ನಡದಲ್ಲಿ ಹೀಗಾಗುತ್ತದೆ: ‘ನೀಲಿ ನೆಲ, ಅದರ ಮೇಲೆ ಹಿಂಗಾಲೂರಿ ಎದ್ದು ನಿಂತು, ಮುಖವನ್ನು ನೋಡುವವರತ್ತ ತಿರುಗಿಸಿದ ಚಿನ್ನದ ಸಿಂಹ, ಅದರ ಉಗುರು, ಹಲ್ಲು, ನಾಲಗೆ ಕೆಂಪು.’

ವರ್ಣನೆಯ ಕ್ರಮ ಗಟ್ಟಿ. ಮೊದಲು ನೆಲದ, ಅಂದರೆ ಗುರಾಣಿಯ ಹಿನ್ನೆಲೆಯ ಬಣ್ಣ, ಆಮೇಲೆ ಮುಖ್ಯ ಪ್ರಾಣಿ, ಅದರ ನಿಲುವು, ತಲೆ ತಿರುಗಿರುವ ದಿಕ್ಕು, ಬಣ್ಣ, ಕೊನೆಗೆ ಉಗುರು, ನಾಲಗೆ, ಕಿರೀಟದಂಥ ಸಣ್ಣ ಅಂಗಗಳು. ಒಂದು ಪದ ತಪ್ಪಿದರೆ ಇನ್ನೊಬ್ಬರ ಲಾಂಛನವಾಗಿಬಿಡಬಹುದು, ಆದ್ದರಿಂದ ಕಾದಂಬರಿಯ ಭಾಷೆ ಚೆಂದವಾಗಲೆಂದು ಇದನ್ನು ಹಿಗ್ಗಿಸಬೇಡಿ.

ನಿಲುವುಗಳು ನಿಮಗೆ ಮುಂದೆಯೂ ಎದುರಾಗುತ್ತವೆ. ರ‍್ಯಾಂಪೆಂಟ್ ಎಂದರೆ ಒಂದೇ ಹಿಂಗಾಲು ನೆಲದಲ್ಲಿ, ಉಳಿದ ಮೂರು ಕಾಲು ಮೇಲೆ. ಎರಡೂ ಹಿಂಗಾಲು ಜೋಡಿಯಾಗಿ ನೆಲದಲ್ಲಿದ್ದು ಮುಂಗಾಲೆರಡೂ ಒಟ್ಟಿಗೆ ಎದ್ದಿದ್ದರೆ ಅದು ಸೇಲಿಯೆಂಟ್, ನೆಗೆಯುವ ಸಿಂಹ. ಪಾಸೆಂಟ್ ಎಂದರೆ ನಡೆಯುವುದು: ಬಲ ಮುಂಗಾಲು ಎತ್ತಿರುತ್ತದೆ, ಮೂರು ಕಾಲು ನೆಲದಲ್ಲಿ. ನಾಲ್ಕೂ ನೆಲದಲ್ಲಿದ್ದರೆ ಸ್ಟೇಟೆಂಟ್, ಕುಳಿತಿದ್ದರೆ ಸಿಜೆಂಟ್, ತಲೆಯೆತ್ತಿ ಮಲಗಿದ್ದರೆ ಕೌಚೆಂಟ್, ತಲೆ ಇಳಿಸಿ ಕಣ್ಣು ಮುಚ್ಚಿದ್ದರೆ ಡಾರ್ಮೆಂಟ್. ತಲೆ ಎತ್ತ ತಿರುಗಿದೆ ಎಂಬುದು ಬೇರೆ ಲೆಕ್ಕ: ಸುಮ್ಮನಿದ್ದರೆ ಪಕ್ಕನೋಟ, ಗಾರ್ಡೆಂಟ್ ಎಂದರೆ ನಮ್ಮತ್ತ, ರಿಗಾರ್ಡೆಂಟ್ ಎಂದರೆ ಹಿಂತಿರುಗಿ ನೋಡುತ್ತಿದೆ.

ಪ್ರಾಣಿ ಬದಲಾದರೆ ಮಾತೂ ಬದಲಾಗುತ್ತದೆ. ನಡೆಯುವ ಸಾರಂಗ ಪಾಸೆಂಟ್ ಅಲ್ಲ, ಟ್ರಿಪೆಂಟ್. ಮಲಗಿದ ಸಾರಂಗ ಲಾಜ್ಡ್. ನಿಂತು ನಮ್ಮತ್ತ ನೋಡಿದರೆ ಅಟ್ ಗೇಜ್. ಅದರ ಕೊಂಬಿನ ಬಣ್ಣ ಹೇಳುವಾಗ ‘ಅಟೈರ್ಡ್’ ಎಂದು ಬರುತ್ತದೆ. ಬಟ್ಟೆ ತೊಟ್ಟ ಸಾರಂಗ ಎಂದು ಅನುವಾದಿಸಿಬಿಡಬೇಡಿ. ಹದ್ದಿನ ತಲೆ, ಸಿಂಹದ ಮೈಯ ಕಲ್ಪಿತ ಪ್ರಾಣಿ ಗ್ರಿಫಿನ್ ಎದ್ದು ನಿಂತರೆ ಸೆಗ್ರಿಯೆಂಟ್. ರೆಕ್ಕೆ ಹರಡಿ ಎದೆ ತೋರಿಸುವ ಹದ್ದು ಡಿಸ್‌ಪ್ಲೇಡ್. ಈಜುವಂತೆ ಅಡ್ಡಲಾಗಿರುವ ಮೀನು ನೇಯೆಂಟ್, ಮೂತಿ ಮೇಲೆ ಮಾಡಿ ನೆಟ್ಟಗಿರುವುದು ಹೌರಿಯೆಂಟ್. ‘ಪ್ರಾಪರ್’ ಎಂದರೆ ಸಹಜ ಬಣ್ಣ. ‘ಡೆಕ್ಸ್‌ಟರ್’ ಮತ್ತು ‘ಸಿನಿಸ್ಟರ್’ ಎಂದರೆ ಗುರಾಣಿ ಹಿಡಿದವನ ಬಲ ಮತ್ತು ಎಡ; ನೋಡುವ ನಮಗೆ ಅದು ತಿರುಗುಮುರುಗು. ಅನುವಾದದಲ್ಲಿ ‘ನೋಡುವವರ ಎಡಕ್ಕೆ’ ಎಂದು ಬಿಡಿಸಿ ಬರೆದರೆ ಓದುಗರಿಗೆ ಗೊಂದಲವಿರದು.

ನಾಲಗೆ, ಉಗುರಿನ ಬಣ್ಣ ಹೇಳದೆ ಬಿಟ್ಟಿದ್ದರೆ ಇಂಗ್ಲಿಷ್ ರೂಢಿಯಲ್ಲಿ ಕೆಂಪು ಎಂದು ತಿಳಿಯಬೇಕು. ಸಿಂಹವೇ ಕೆಂಪಾಗಿದ್ದರೆ ಅಥವಾ ನೆಲ ಕೆಂಪಾಗಿದ್ದರೆ ನೀಲಿ. ಇಂಗ್ಲೆಂಡಿನ ಕೆಂಪು ನೆಲದ ಚಿನ್ನದ ಸಿಂಹಗಳಿಗೂ ಸ್ಕಾಟ್ಲೆಂಡಿನ ಕೆಂಪು ಸಿಂಹಕ್ಕೂ ನೀಲಿ ನಾಲಗೆ ಇರುವುದು ಹೀಗೆ.

ಪ್ರಶ್ನೆ: ಇಂಗ್ಲೆಂಡಿನ ಲಾಂಛನದಲ್ಲಿರುವುದು ಸಿಂಹವಲ್ಲ, ಚಿರತೆ ಎಂದು ಓದಿದೆ. ನಿಜವೇ?

ಉತ್ತರ: ಪ್ರಾಣಿ ಸಿಂಹವೇ. ಹಳೆಯ ಫ್ರೆಂಚ್ ಲಾಂಛನಕಾರರು ಎದ್ದು ನಿಂತು ಪಕ್ಕನೋಟ ತೋರುವುದನ್ನು ಮಾತ್ರ ಸಿಂಹ ಎನ್ನುತ್ತಿದ್ದರು. ನಡೆಯುತ್ತ ಮುಖವನ್ನು ನಮ್ಮತ್ತ ತಿರುಗಿಸಿದ್ದರೆ ಅದಕ್ಕೆ ‘ಲೆಯೊಪಾರ್’ ಎಂಬ ಹೆಸರು. ಮೈಮೇಲೆ ಚುಕ್ಕೆ ಬರೆಯುತ್ತಿರಲಿಲ್ಲ. ಒಂದನೆಯ ರಿಚರ್ಡ್ 1198ರಲ್ಲಿ ಬಳಸಿದ ಎರಡನೆಯ ರಾಜಮುದ್ರೆಯಲ್ಲಿ ಇಂಥ ಮೂರು ಪ್ರಾಣಿಗಳು ಒಂದರ ಕೆಳಗೊಂದು ಇವೆ, ಅಲ್ಲಿಂದ ಅದೇ ಇಂಗ್ಲೆಂಡಿನ ಲಾಂಛನ. ಹಳೆಯ ದಾಖಲೆಯಲ್ಲಿ ‘ಇಂಗ್ಲೆಂಡಿನ ಚಿರತೆಗಳು’ ಎಂದು ಕಂಡರೆ ಅದೇ ಸಿಂಹಗಳೆಂದು ಓದಿಕೊಳ್ಳಿ.

ಪ್ರಶ್ನೆ: ಬ್ರಿಟನ್ನಿನ ರಾಜಲಾಂಛನದಲ್ಲಿ ಸಿಂಹಕ್ಕೆ ಕಟ್ಟಿಲ್ಲ, ಒಂದು ಕೊಂಬಿನ ಕುದುರೆಗೆ ಮಾತ್ರ ಸರಪಳಿ. ಸ್ಕಾಟ್ಲೆಂಡನ್ನು ಇಂಗ್ಲೆಂಡ್ ಕಟ್ಟಿಹಾಕಿದ್ದರ ಗುರುತೇ?
— ಕಾಲೇಜು ವಿದ್ಯಾರ್ಥಿ

ಉತ್ತರ: ಅಲ್ಲ. ಯೂನಿಕಾರ್ನ್ ಇಂಗ್ಲೆಂಡಿನ ಸಿಂಹದ ಎದುರು ಬಂದು ನಿಂತದ್ದು 1603ರಲ್ಲಿ, ಸ್ಕಾಟ್ಲೆಂಡಿನ ಆರನೆಯ ಜೇಮ್ಸ್ ಇಂಗ್ಲೆಂಡಿನ ಗದ್ದುಗೆಯನ್ನೂ ಏರಿದಾಗ. ಸರಪಳಿ ಅದಕ್ಕಿಂತ ನೂರು ವರ್ಷಕ್ಕೂ ಹಿಂದಿನದು. ಸ್ಕಾಟ್ಲೆಂಡಿನ ಮೂರನೆಯ ಜೇಮ್ಸ್ 1480ರ ದಶಕದಲ್ಲಿ ಹೊರಡಿಸಿದ, ಯೂನಿಕಾರ್ನ್ ಎಂದೇ ಹೆಸರಾದ ಚಿನ್ನದ ನಾಣ್ಯವನ್ನು ನೋಡಿ: ಕೊರಳಲ್ಲಿ ಕಿರೀಟದ ಪಟ್ಟಿ, ಅದರಿಂದ ಇಳಿಬಿದ್ದ ಸರಪಳಿ. ಸ್ಕಾಟರು ತಾವೇ ತೊಡಿಸಿದ ಆಭರಣವದು. ಆ ಶತಮಾನದಲ್ಲಿ ರಾಜಮನೆತನದ ಪ್ರಾಣಿಗಳಿಗೆ ಕೊರಳಪಟ್ಟಿ, ಚಿನ್ನದ ಸರಪಳಿ ಹಾಕುವುದು ಶೋಭೆಯ ರೂಢಿ. ಇಂಗ್ಲೆಂಡಿನ ಬೋಹನ್ ಮನೆತನದ ಹಂಸಕ್ಕೂ ಹಾಗೆಯೇ ಇದೆ.

ಚಿತ್ರ ಬರೆಯುವವರಿಗೊಂದು ಮಾತು. ಯೂನಿಕಾರ್ನ್ ಎಂದರೆ ಕುದುರೆಗೆ ಕೊಂಬು ಅಂಟಿಸಿದ್ದಲ್ಲ. ಗಡ್ಡ ಆಡಿನದು, ಗೊರಸು ಸೀಳಿದ್ದು, ಬಾಲ ಸಿಂಹದ್ದು, ತುದಿಯಲ್ಲಿ ಗೊಂಡೆ. ಇದೇ ರೀತಿ ಬ್ರಿಟಿಷ್ ರೂಢಿಯಲ್ಲಿ ನಾಲ್ಕು ಕಾಲಿದ್ದರೆ ಡ್ರ್ಯಾಗನ್, ಎರಡೇ ಕಾಲಿದ್ದರೆ ವೈವರ್ನ್.

ಪ್ರಶ್ನೆ: ಬ್ರಿಟಿಷರ ಕಾಲದ ಸ್ಮಶಾನದಲ್ಲಿ ಸಮಾಧಿಕಲ್ಲೊಂದರ ಮೇಲೆ ಗುರಾಣಿಯಿದೆ. ಅದರಲ್ಲಿ ಮೂರು ಹಂದಿತಲೆ, ಕತ್ತಿನ ಭಾಗ ಹರಿದಂತೆ ಮೂರು ಮೊನೆ. ಹಿನ್ನೆಲೆಯಲ್ಲಿ ಸಣ್ಣ ಗೀಟುಗಳು. ಇದನ್ನು ಓದುವುದು ಹೇಗೆ?
— ಹವ್ಯಾಸಿ ಛಾಯಾಗ್ರಾಹಕ

ಉತ್ತರ: ಗೀಟುಗಳೇ ಬಣ್ಣ. ಜೆಸ್ಯೂಟ್ ಪಾದ್ರಿ ಸಿಲ್ವೆಸ್ಟರ್ ಪೆತ್ರಾ ಸಾಂಕ್ತಾ 1638ರಲ್ಲಿ ಪ್ರಕಟಿಸಿದ ಕ್ರಮವೇ ಕ್ರಮೇಣ ಎಲ್ಲೆಡೆ ನೆಲೆಯೂರಿತು. ಚುಕ್ಕೆಗಳಿದ್ದರೆ ಚಿನ್ನ, ಖಾಲಿ ಬಿಟ್ಟಿದ್ದರೆ ಬೆಳ್ಳಿ, ನೆಟ್ಟನೆಯ ಗೀಟು ಕೆಂಪು, ಅಡ್ಡಗೀಟು ನೀಲಿ, ಅಡ್ಡ–ಉದ್ದ ಎರಡೂ ಸೇರಿ ಜಾಲವಾದರೆ ಕಪ್ಪು. ನೋಡುವವರ ಎಡ ಮೇಲ್ಮೂಲೆಯಿಂದ ಬಲ ಕೆಳಮೂಲೆಗೆ ಇಳಿದರೆ ಹಸಿರು, ಅದರ ವಿರುದ್ಧ ದಿಕ್ಕಿನಲ್ಲಿದ್ದರೆ ನೇರಳೆ.

ಕಲ್ಲು ಸವೆದಿದ್ದರೆ ಮಧ್ಯಾಹ್ನದ ಬಿಸಿಲಿನಲ್ಲಿ ಏನೂ ಕಾಣದು. ಇಳಿಹೊತ್ತಿನಲ್ಲಿ ಹೋಗಿ, ಟಾರ್ಚನ್ನು ಕಲ್ಲಿನ ಮೈಗೆ ತಾಗುವಷ್ಟು ಓರೆಯಾಗಿ ಹಿಡಿದು, ಎಡ, ಬಲ, ಮೇಲೆ, ಕೆಳಗೆ ಹೀಗೆ ನಾಲ್ಕೂ ಕಡೆಯಿಂದ ಬೆಳಕು ಬಿಟ್ಟು ಒಂದೊಂದು ಫೋಟೊ ತೆಗೆಯಿರಿ. ಎಡದಿಂದ ಬಂದ ಬೆಳಕಿಗೆ ನೆಟ್ಟನೆಯ ಗೀಟುಗಳು ಎದ್ದು ಕಾಣುತ್ತವೆ, ಅಡ್ಡಗೀಟುಗಳು ಅಡಗುತ್ತವೆ; ಮೇಲಿನಿಂದ ಬಿಟ್ಟರೆ ಇದರ ತದ್ವಿರುದ್ಧ. ಒಂದೇ ಫೋಟೊ ನಂಬಿದರೆ ಕಪ್ಪನ್ನು ಕೆಂಪೆಂದು ಓದಿಬಿಡುತ್ತೀರಿ. ಸೀಮೆಸುಣ್ಣ ಉಜ್ಜುವುದು, ತಂತಿ ಬ್ರಷ್ ಹಾಕುವುದು ಬೇಡವೇ ಬೇಡ; ಉಳಿದ ಗೀಟೂ ಹೋಗುತ್ತದೆ. ಇನ್ನೊಂದು ಎಚ್ಚರ: ಗುರಾಣಿಯಲ್ಲಿ ಎಲ್ಲೂ ಒಂದೂ ಗೀಟಿಲ್ಲದಿದ್ದರೆ ‘ಎಲ್ಲ ಬೆಳ್ಳಿ’ ಎಂದು ತೀರ್ಮಾನಿಸಬೇಡಿ. ಶಿಲ್ಪಿ ಬಣ್ಣ ಸೂಚಿಸಲೇ ಇಲ್ಲ, ಅಷ್ಟೇ.

ಕತ್ತಿನ ಬಳಿ ಮೊನೆಮೊನೆಯಾಗಿ ಹರಿದಂತಿರುವುದಕ್ಕೆ ‘ಇರೇಸ್ಡ್’ ಎನ್ನುತ್ತಾರೆ; ನೇರವಾಗಿ ಕತ್ತರಿಸಿದಂತಿದ್ದರೆ ‘ಕೂಪ್ಡ್’. ಎರಡೂ ಬೇರೆ ಬೇರೆ ಲಾಂಛನಗಳು. ಮೂರು ಹಂದಿತಲೆ ಸ್ಕಾಟ್ಲೆಂಡಿನ ಗಡಿಸೀಮೆಯ ಮನೆತನಗಳಲ್ಲಿ ಮತ್ತೆ ಮತ್ತೆ ಬರುವ ಗುರುತು. ಸ್ವಿಂಟನ್ ಮನೆತನದ್ದು ಕಪ್ಪು ನೆಲದಲ್ಲಿ ಚಿನ್ನದ ಗೋಪುರಪಟ್ಟಿ (ತಲೆಕೆಳಗಾದ V ಆಕಾರದ ಪಟ್ಟಿ), ಸುತ್ತ ಮೂರು ಬೆಳ್ಳಿಯ ಹಂದಿತಲೆ. ಗಾರ್ಡನ್ ಮನೆತನದ್ದು ನೀಲಿಯ ಮೇಲೆ ಮೂರು ಚಿನ್ನದ ಹಂದಿತಲೆ. ಹಾಗಾಗಿ ನಿಮ್ಮ ಗೀಟು ಜಾಲದಂತಿದೆಯೇ, ಬರೀ ಅಡ್ಡವೇ ಎಂಬುದರಿಂದಲೇ ಹುಡುಕಾಟ ಅರ್ಧಕ್ಕಿಳಿಯುತ್ತದೆ. ಗುರಾಣಿ ನಡುವೆ ಉದ್ದಕ್ಕೆ ಸೀಳಿದ್ದರೆ ನೋಡುವವರ ಎಡಭಾಗ ಗಂಡನದು, ಬಲಭಾಗ ಹೆಂಡತಿಯ ತವರಿನದು. ಗುರಾಣಿಯ ಬದಲು ವಜ್ರಾಕಾರದ ಚೌಕಟ್ಟಿದ್ದರೆ ಸಾಮಾನ್ಯವಾಗಿ ಅದು ಅವಿವಾಹಿತೆಯ ಅಥವಾ ವಿಧವೆಯ ಲಾಂಛನ.

ಪ್ರಶ್ನೆ: ನಮ್ಮ ಮನೆತನಕ್ಕೊಂದು ಲಾಂಛನ ರೂಪಿಸಬೇಕೆಂದಿದ್ದೇನೆ. ಗುರಾಣಿಯನ್ನು ನಾಲ್ಕು ಭಾಗ ಮಾಡಿ ಆನೆ, ನವಿಲು, ಮೀನು, ಹುಲಿ ಇಟ್ಟೆ. ಕೆಳಗೆ ಪುಸ್ತಕ, ದೀಪ. ಕಂಪ್ಯೂಟರಿನಲ್ಲಿ ಚೆನ್ನಾಗಿದೆ, ಚಿಕ್ಕದಾಗಿ ಮುದ್ರಿಸಿದರೆ ಬಣ್ಣದ ಕಲೆಯಂತೆ ಕಾಣುತ್ತದೆ. ಎಲ್ಲಿ ತಪ್ಪಿದೆ?
— ವಿನ್ಯಾಸ ಕಲಿಯುತ್ತಿರುವ ಓದುಗಿ

ಉತ್ತರ: ಆರಂಭದಲ್ಲೇ ತಪ್ಪಿದೆ. ಗುರಾಣಿಯನ್ನು ನಾಲ್ಕು ಮಾಡುವುದು ಇಷ್ಟದ ವಸ್ತುಗಳನ್ನು ಜೋಡಿಸಿಡಲು ಅಲ್ಲ. ಎರಡು ಅಥವಾ ಹೆಚ್ಚು ಮನೆತನಗಳ ಹಕ್ಕು ಒಬ್ಬರಲ್ಲಿ ಕೂಡಿದಾಗ ಅವರ ಲಾಂಛನಗಳನ್ನು ಒಟ್ಟಿಗೆ ತೋರಿಸಲು. ಸ್ಪೇನಿನ ಕ್ಯಾಸ್ಟೈಲ್ ಮತ್ತು ಲಿಯೋನ್ ರಾಜ್ಯಗಳು ಒಂದಾದಾಗ ಕೋಟೆ ಎರಡು ಮನೆಯಲ್ಲಿ, ಸಿಂಹ ಎರಡು ಮನೆಯಲ್ಲಿ ಬಂದದ್ದು ಹಾಗೆ. ಹೊಸ ಲಾಂಛನಕ್ಕೆ ಒಂದೇ ಪ್ರಾಣಿ ಸಾಕು. ಒಂದನ್ನೇ ಮೂರು ಬಾರಿ ಇಡಬಹುದು: ಮೇಲೆ ಎರಡು, ಕೆಳಗೆ ಒಂದು.

ಚಿತ್ರಕ್ಕೂ ಮೊದಲು ವರ್ಣನೆ ಬರೆಯಿರಿ. ಒಂದೇ ವಾಕ್ಯದಲ್ಲಿ, ಫೋನಿನಲ್ಲಿ ಓದಿ ಹೇಳಿದರೆ ಇನ್ನೊಬ್ಬರು ಬಿಡಿಸುವಂತಿರಬೇಕು: ‘ಹಸಿರು ನೆಲ, ನಡೆಯುತ್ತಿರುವ ಬೆಳ್ಳಿಯ ಆನೆ, ದಂತ ಚಿನ್ನದ್ದು.’ ಎರಡನೇ ವಾಕ್ಯ ಬೇಕಾಯಿತೆಂದರೆ ಏನಾದರೂ ಕಿತ್ತುಹಾಕಿ.

ಇನ್ನು ಬಣ್ಣ. ಚಿನ್ನ, ಬೆಳ್ಳಿ ಎರಡು ಲೋಹಗಳು. ಅವನ್ನು ಹಳದಿ, ಬಿಳಿ ಎಂದೇ ಬಳಿಯಬಹುದು. ಕೆಂಪು, ನೀಲಿ, ಕಪ್ಪು, ಹಸಿರು, ನೇರಳೆ ಐದು ಬಣ್ಣಗಳು. ಲೋಹದ ಮೇಲೆ ಲೋಹ ಬರಬಾರದು, ಬಣ್ಣದ ಮೇಲೆ ಬಣ್ಣ ಬರಬಾರದು. ಕದನದಲ್ಲಿ ಧೂಳಿನ ನಡುವೆ ದೂರದಿಂದ ಗುರುತು ಸಿಗಬೇಕಿತ್ತು. ನೀಲಿಯ ಮೇಲಿನ ಕಪ್ಪು, ಬಿಳಿಯ ಮೇಲಿನ ಹಳದಿ ಐವತ್ತು ಹೆಜ್ಜೆಯಾಚೆ ಕರಗಿಹೋಗುತ್ತವೆ. ನಿಮ್ಮ ಮುದ್ರಣದಲ್ಲಿ ಆದದ್ದೂ ಅದೇ. ‘ಸಹಜ ಬಣ್ಣ’ಕ್ಕೆ ಈ ನಿಯಮದಿಂದ ವಿನಾಯಿತಿಯುಂಟು, ಆದರೆ ಹಸಿರಿನ ಮೇಲೆ ಬೂದು ಆನೆ ಬರೆಯಲು ಅದನ್ನು ನೆಪ ಮಾಡಿಕೊಳ್ಳಬೇಡಿ, ನಿಯಮ ಬಿಟ್ಟರೂ ಕಣ್ಣು ಬಿಡುವುದಿಲ್ಲ. ಒಟ್ಟು ಎರಡು ಬಣ್ಣ ಉತ್ತಮ, ಮೂರು ಸಾಕು.

ಗುರಾಣಿಯ ಆಕಾರಕ್ಕೆ ಕೈವಾರ ಸಾಕು. 9 ಸೆಂ.ಮೀ. ಅಗಲದ ಮೇಲ್ಗೆರೆ ಎಳೆದು, ಎರಡೂ ತುದಿಯಿಂದ 3 ಸೆಂ.ಮೀ. ನೇರ ಕೆಳಗಿಳಿಸಿ. ಆ ಎರಡು ಕೆಳತುದಿಗಳೇ ಕೇಂದ್ರಗಳು. ಕೈವಾರವನ್ನು 9 ಸೆಂ.ಮೀ. ತೆರೆದು, ಎಡ ಕೇಂದ್ರದಿಂದ ಬಲಬದಿಯ ಕಮಾನು, ಬಲ ಕೇಂದ್ರದಿಂದ ಎಡಬದಿಯ ಕಮಾನು ಎಳೆಯಿರಿ. ಎರಡೂ ಕೆಳಗೆ ನಡುವಿನಲ್ಲಿ ಕೂಡುತ್ತವೆ. ಒಟ್ಟು ಎತ್ತರ ಸುಮಾರು 10.8 ಸೆಂ.ಮೀ. ಬರುತ್ತದೆ, ಅಗಲಕ್ಕೆ ಎತ್ತರ 5ಕ್ಕೆ 6ರಂತೆ. ಇದು 13–14ನೇ ಶತಮಾನದ ಗುರಾಣಿಗಳಿಗೆ ಹತ್ತಿರದ ಆಕಾರ.

ಆನೆ, ಹಸುವಿನಂಥ ಅಡ್ಡಗಲದ ಪ್ರಾಣಿಗೆ ಈ ಆಕಾರ ಸ್ವಲ್ಪ ಕಷ್ಟ, ಕೆಳಗೆ ಜಾಗ ಉಳಿದುಬಿಡುತ್ತದೆ. ಕಾಲುಗಳನ್ನು ಉದ್ದ ಮಾಡಿ, ಸೊಂಡಿಲನ್ನು ಮೇಲೆತ್ತಿ, ಇಲ್ಲವೇ ಮೂರು ಪ್ರಾಣಿಗಳ ಜೋಡಣೆಗೆ ಹೋಗಿ. ಸಿಂಹ ಇಷ್ಟು ಜನಪ್ರಿಯವಾಗಲು ಅದರ ಎದ್ದುನಿಂತ ಭಂಗಿಯೂ ಒಂದು ಕಾರಣ ಎಂಬುದು ನಮ್ಮ ಅಭಿಪ್ರಾಯ: ತಲೆ ಒಂದು ಮೇಲ್ಮೂಲೆ ತುಂಬುತ್ತದೆ, ಬಾಲ ಇನ್ನೊಂದನ್ನು, ಊರಿದ ಕಾಲು ಕೆಳಗಿನ ಮೊನೆಯನ್ನು. ಪ್ರಾಣಿಯನ್ನು ಫೋಟೊ ನೋಡಿ ಬರೆಯಬೇಡಿ. ಸೊಂಟ ಸಣ್ಣಗೆ, ಎದೆ ಉಬ್ಬಿ, ಉಗುರು ಮತ್ತು ನಾಲಗೆ ನಿಜಕ್ಕಿಂತ ಮೂರು ಪಟ್ಟು ದೊಡ್ಡದಾಗಿ ಇರಲಿ. ಛಾಯೆ ಬೇಡ, ಗ್ರೇಡಿಯೆಂಟ್ ಬೇಡ, ಗುರಾಣಿಯೊಳಗೆ ಅಕ್ಷರ ಬೇಡ. ಧ್ಯೇಯವಾಕ್ಯಕ್ಕೆ ಕೆಳಗಿನ ಪಟ್ಟಿ ಇದೆ. ಪ್ರಾಣಿಯ ಸುತ್ತ ಉಳಿಯುವ ಖಾಲಿ ಜಾಗದ ತುಂಡುಗಳು ಹೆಚ್ಚುಕಡಿಮೆ ಒಂದೇ ಗಾತ್ರದಲ್ಲಿದ್ದರೆ ಚಿತ್ರ ಕುದುರಿದೆ ಎಂದರ್ಥ.

ದಿಕ್ಕಿನ ವಿಷಯದಲ್ಲಿ ಬಹಳ ಮಂದಿ ಮುಗ್ಗರಿಸುತ್ತಾರೆ. ಪ್ರಾಣಿ ನೋಡುವವರ ಎಡಕ್ಕೆ ಮುಖ ಮಾಡಿರಬೇಕು. ಗುರಾಣಿಯನ್ನು ಎಡಗೈಯಲ್ಲಿ ಹಿಡಿದು ಮುನ್ನುಗ್ಗುವಾಗ ಪ್ರಾಣಿಯೂ ಮುಂದಕ್ಕೆ ನೋಡುತ್ತಿರುತ್ತದೆ. ತಿರುಗಿಸಿದರೆ ಓಡಿಹೋಗುವಂತೆ ಕಾಣುತ್ತದೆ. ಧ್ವಜದಲ್ಲಿ ಕೋಲಿನ ಕಡೆಗೆ ಮುಖ. ಕಂಪ್ಯೂಟರಿನಲ್ಲಿ ‘ಫ್ಲಿಪ್’ ಮಾಡಿ ಜೋಡಿ ಮಾಡುವಾಗ ಒಂದು ಪ್ರಾಣಿ ಹಿಂದುಮುಂದಾಗುತ್ತದೆ, ಗಮನಿಸಿ. ಜರ್ಮನ್ ರೂಢಿಯಲ್ಲಿ ಗಂಡ ಹೆಂಡತಿಯರ ಗುರಾಣಿಗಳನ್ನು ಅಕ್ಕಪಕ್ಕ ಇಡುವಾಗ ಮಾತ್ರ ಮೊದಲನೆಯದನ್ನು ಬೇಕೆಂದೇ ತಿರುಗಿಸಿ ಎರಡೂ ಎದುರುಬದುರಾಗುವಂತೆ ಮಾಡುತ್ತಾರೆ.

ಕೊನೆಗೆ 2 ಸೆಂ.ಮೀ. ಅಗಲಕ್ಕೆ ಇಳಿಸಿ, ಬರೀ ಕಪ್ಪುಬಿಳುಪಿನಲ್ಲಿ ಮುದ್ರಿಸಿ, ಕೈ ಚಾಚಿ ಹಿಡಿದು ನೋಡಿ. ಯಾವ ಪ್ರಾಣಿಯೆಂದು ತಕ್ಷಣ ಗೊತ್ತಾಗದಿದ್ದರೆ ಒಳಗೆರೆಗಳನ್ನು ಅರ್ಧಕ್ಕೆ ಇಳಿಸಿ ಮತ್ತೆ ಮುದ್ರಿಸಿ. ನವಿಲೇ ಬೇಕೆಂದಿದ್ದರೆ ‘ಇನ್ ಹಿಸ್ ಪ್ರೈಡ್’ ಎಂಬ ನಿಲುವಿದೆ: ಎದುರುಮುಖ, ಗರಿ ಪೂರ್ತಿ ಬಿಚ್ಚಿದ್ದು. ಗುರಾಣಿಯ ಮೇಲ್ಭಾಗದ ಅಗಲವನ್ನು ಅದು ಸೊಗಸಾಗಿ ತುಂಬುತ್ತದೆ. ಗರಿಯ ಕಣ್ಣುಗಳನ್ನು ಏಳಕ್ಕೋ ಒಂಬತ್ತಕ್ಕೋ ಮಿತಿಗೊಳಿಸಿ.

ಪ್ರಶ್ನೆ: ನಮ್ಮ ಗಂಡಭೇರುಂಡವೂ ಯುರೋಪಿನ ಎರಡು ತಲೆಯ ಹದ್ದೂ ಒಂದೇ ಏನು? ಯಾರು ಯಾರಿಂದ ತೆಗೆದುಕೊಂಡರು?
— ಸರ್ಕಾರಿ ನೌಕರರು

ಉತ್ತರ: ಎರಡು ತಲೆಯ ಹಕ್ಕಿ ಇಬ್ಬರಿಗಿಂತಲೂ ಹಳೆಯದು. ಟರ್ಕಿಯ ಅಲಜಾ ಹೊಯುಕ್‌ನಲ್ಲಿ ಹಿಟ್ಟೈಟರು ಎಂಬ ಪ್ರಾಚೀನ ಜನ ಕೆತ್ತಿದ್ದು ಕ್ರಿಸ್ತಪೂರ್ವದ್ದು. ತಕ್ಷಶಿಲೆಯ ಸಿರ್ಕಪ್‌ನಲ್ಲಿ ಆ ಹಕ್ಕಿಯಿಂದಲೇ ಹೆಸರಾದ ಸ್ತೂಪವೊಂದಿದೆ. ಕರ್ನಾಟಕದಲ್ಲಿ ಬಳ್ಳಿಗಾವೆಯ ಗಂಡಭೇರುಂಡ ಸ್ತಂಭವನ್ನು ಚಾಮುಂಡರಾಯರಸ ನಿಲ್ಲಿಸಿದ್ದು 1047ರಲ್ಲಿ. ಪವಿತ್ರ ರೋಮನ್ ಸಾಮ್ರಾಟರಿಗೆ ಎರಡು ತಲೆಯ ಹದ್ದು ಖಾಯಂ ಆದದ್ದು 1433ರಲ್ಲಿ ಸಿಗಿಸ್ಮಂಡ್ ಚಕ್ರವರ್ತಿಯಾದ ಮೇಲೆ. ರಷ್ಯದ ಮೂರನೆಯ ಇವಾನನ ಮುದ್ರೆಯಲ್ಲಿ ಅದು ಕಾಣುವುದು 1497ರಲ್ಲಿ. ಆದ್ದರಿಂದ ಗಂಡಭೇರುಂಡ ಯುರೋಪಿನಿಂದ ಬಂದದ್ದಲ್ಲ.

ಚಿತ್ರದಲ್ಲೂ ವ್ಯತ್ಯಾಸ ಸ್ಪಷ್ಟ. ಯುರೋಪಿನ ಹದ್ದು ಎದೆ ತೋರಿಸಿ ರೆಕ್ಕೆ ಹರಡುತ್ತದೆ, ರಾಜದಂಡ ಕಿರೀಟಗಳ ಜೊತೆ ಬರುತ್ತದೆ. ನಮ್ಮದು ಬೇಟೆಯೊಂದಿಗೆ ಬರುವ ಹಕ್ಕಿ: ವಿಜಯನಗರದ ಅಚ್ಯುತರಾಯನ ನಾಣ್ಯಗಳಲ್ಲಿ ಕೊಕ್ಕು ಮತ್ತು ಉಗುರಿನಲ್ಲಿ ಆನೆಗಳನ್ನು ಹಿಡಿದಿರುತ್ತದೆ.

ಆದರೆ ಹಕ್ಕಿಯನ್ನು ಗುರಾಣಿಯ ಮೇಲೆ ಕೂರಿಸಿ ಎರಡೂ ಬದಿಗೆ ಪ್ರಾಣಿ ನಿಲ್ಲಿಸುವ ಚೌಕಟ್ಟು ಯುರೋಪಿನದೇ. 1877ರ ದೆಹಲಿ ದರ್ಬಾರಿನಲ್ಲಿ ಭಾರತದ ಅರಸರಿಗೆ ಕೊಟ್ಟ ಧ್ವಜಗಳ ಮೇಲೆ ಇಂಥ ಲಾಂಛನಗಳನ್ನು ರೂಪಿಸಿದವನು ಬಂಗಾಳ ಸಿವಿಲ್ ಸರ್ವಿಸ್‌ನ ರಾಬರ್ಟ್ ಟೇಲರ್. ನಿಮ್ಮ ಕಚೇರಿಯ ಕಾಗದದ ಮೇಲಿರುವ ರಾಜ್ಯಲಾಂಛನವನ್ನೇ ಈ ಕಣ್ಣಿನಿಂದ ನೋಡಿ: ಕೆಂಪು ಗುರಾಣಿಯ ಮೇಲೆ ಬಿಳಿ ಗಂಡಭೇರುಂಡ, ಅಂದರೆ ಬಣ್ಣದ ಮೇಲೆ ಲೋಹ, ನಿಯಮಕ್ಕೆ ಸರಿ. ಎರಡೂ ಬದಿಗೆ ಆನೆಯ ಸೊಂಡಿಲು, ಸಿಂಹದ ಮೈ ಇರುವ ಶರಭಗಳು. ಗುರಾಣಿಯನ್ನು ಹಿಡಿದು ನಿಲ್ಲುವ ಇಂಥ ಪ್ರಾಣಿಗಳಿಗೆ ಸಪೋರ್ಟರ್ಸ್ ಎನ್ನುತ್ತಾರೆ. ಅವು ನಿಂತ ಎಲೆಬಳ್ಳಿಯ ನೆಲ ಕಂಪಾರ್ಟ್‌ಮೆಂಟ್. ಕ್ರೆಸ್ಟ್, ಅಂದರೆ ಗುರಾಣಿಯ ಮೇಲೆ ಶಿರಸ್ತ್ರಾಣದ ನೆತ್ತಿಯಲ್ಲಿಡುವ ಗುರುತು, ಇರಬೇಕಾದ ಜಾಗದಲ್ಲಿ ಅಶೋಕನ ಸಿಂಹಗಳು, ಕೆಳಗೆ ‘ಸತ್ಯಮೇವ ಜಯತೇ’.

ಪ್ರಶ್ನೆ: ಸ್ಕಾಟ್ಲೆಂಡಿನ ಮನೆತನವೊಂದರ ಹೆಸರೇ ನಮ್ಮ ಸೊಸೆಯ ತವರಿನ ಹೆಸರು. ಆ ಲಾಂಛನವನ್ನು ಉಂಗುರದ ಮೇಲೆ ಕೆತ್ತಿಸಬಹುದೇ?

ಉತ್ತರ: ಹೆಸರು ಒಂದೇ ಎಂಬ ಕಾರಣಕ್ಕೆ ಬೇಡ. ಇಂಗ್ಲೆಂಡ್, ಸ್ಕಾಟ್ಲೆಂಡಿನಲ್ಲಿ ಲಾಂಛನ ಒಬ್ಬ ವ್ಯಕ್ತಿಯದು ಮತ್ತು ನಿಯಮದಂತೆ ಅವರ ಸಂತತಿಯದು, ಹೆಸರಿನದಲ್ಲ. ಸ್ಕಾಟ್ಲೆಂಡಿನಲ್ಲಿ ಇದಕ್ಕೆ ಲಾರ್ಡ್ ಲಯನ್ ನ್ಯಾಯಾಲಯವೇ ಇದೆ. 1672ರಿಂದ ದಾಖಲೆ ಪುಸ್ತಕ ನಡೆಯುತ್ತಿದೆ, ಅಕ್ರಮ ಬಳಕೆಯ ವಿರುದ್ಧ ಮೊಕದ್ದಮೆ ಹೂಡಲು ಅಧಿಕಾರಿಯೂ ಇದ್ದಾರೆ. ಇಂಗ್ಲೆಂಡಿನಲ್ಲಿ 1484ರಲ್ಲಿ ಸ್ಥಾಪನೆಯಾದ ಕಾಲೇಜ್ ಆಫ್ ಆರ್ಮ್ಸ್ ಈ ಕೆಲಸ ನೋಡುತ್ತದೆ. ಅಲ್ಲಿನ ಶಿವಲ್ರಿ ನ್ಯಾಯಾಲಯ ಎರಡು ಶತಮಾನದ ಬಳಿಕ ಕಲಾಪ ನಡೆಸಿದ್ದು 1954ರಲ್ಲಿ, ಮ್ಯಾಂಚೆಸ್ಟರ್ ನಗರದ ಲಾಂಛನವನ್ನು ನಾಟಕಶಾಲೆಯೊಂದು ಬಳಸಿದ್ದಕ್ಕೆ.

ಕುಲದ ಸದಸ್ಯರಿಗೆ ಸ್ಕಾಟ್ಲೆಂಡಿನಲ್ಲೇ ಒಂದು ದಾರಿಯಿದೆ: ಮುಖ್ಯಸ್ಥನ ಕ್ರೆಸ್ಟಿನ ಸುತ್ತ ಬಕಲ್ ಇರುವ ಪಟ್ಟಿ, ಪಟ್ಟಿಯ ಮೇಲೆ ಧ್ಯೇಯವಾಕ್ಯ. ಪಟ್ಟಿ ಇದ್ದರೆ ‘ನಾನು ಈ ಮುಖ್ಯಸ್ಥನ ಕಡೆಯವನು’ ಎಂದರ್ಥ. ಪಟ್ಟಿಯಿಲ್ಲದೆ ಬರೀ ಕ್ರೆಸ್ಟ್ ಕೆತ್ತಿಸಿದರೆ ‘ನಾನೇ ಮುಖ್ಯಸ್ಥ’ ಎಂದಂತೆ. ಬ್ಯಾಡ್ಜ್ ಪದ್ಧತಿ ಹಳೆಯದು. ಇಂಗ್ಲೆಂಡಿನ ಮೂರನೆಯ ರಿಚರ್ಡ್ 1483ರಲ್ಲಿ ಮಗನಿಗೆ ಯುವರಾಜ ಪದವಿ (ಪ್ರಿನ್ಸ್ ಆಫ್ ವೇಲ್ಸ್) ಕೊಟ್ಟ ಸಮಾರಂಭಕ್ಕೆ ಬಟ್ಟೆಯ ಮೇಲೆ 13,000 ಬಿಳಿ ಹಂದಿ ಬ್ಯಾಡ್ಜುಗಳನ್ನು ಮಾಡಿಸಿದ್ದು ಅನುಯಾಯಿಗಳಿಗೆ. ಅವನ ಗುರಾಣಿಯಲ್ಲಿ ಹಂದಿ ಇರಲಿಲ್ಲ.

ದೇಶಕ್ಕೆ ದೇಶ ಬೇರೆ ಎಂಬುದೂ ನೆನಪಿರಲಿ. ಜರ್ಮನಿ, ಸ್ವಿಟ್ಜರ್ಲೆಂಡಿನಲ್ಲಿ ಲಾಂಛನ ಇಡೀ ಕುಟುಂಬದ್ದು, ಸಾಮಾನ್ಯ ಜನರೂ ಹೊಂದಬಹುದು. ಪೋಲೆಂಡಿನಲ್ಲಿ ಒಂದೇ ಲಾಂಛನವನ್ನು ಬೇರೆ ಬೇರೆ ಹೆಸರಿನ ಹಲವಾರು ಮನೆತನಗಳು ಹಂಚಿಕೊಂಡಿವೆ.

ಪ್ರಶ್ನೆ: ಕಾಲಿಲ್ಲದ ಪುಟ್ಟ ಹಕ್ಕಿಯೊಂದು ಇಂಗ್ಲಿಷ್ ಲಾಂಛನಗಳಲ್ಲಿ ಆಗಾಗ ಕಾಣುತ್ತದೆ. ಏನದು?

ಉತ್ತರ: ಮಾರ್ಟ್ಲೆಟ್. ಕವಲುಬಾಲದ ಬಾನಾಡಿಯಂತೆ ಬರೆದು ಕಾಲಿನ ಜಾಗದಲ್ಲಿ ಗರಿಯ ಎರಡು ಗೊಂಚಲು ಬಿಡುತ್ತಾರೆ. ಸಸೆಕ್ಸ್ ಕೌಂಟಿಯ ಲಾಂಛನದಲ್ಲಿ ಆರು ಮಾರ್ಟ್ಲೆಟ್‌ಗಳಿವೆ. ಮನೆತನದ ಗುರಾಣಿಯ ಮೇಲ್ಭಾಗದಲ್ಲಿ ಚಿಕ್ಕದಾಗಿ ಒಂದೇ ಒಂದು ಕಂಡರೆ ಅದು ನಾಲ್ಕನೆಯ ಮಗನ ಗುರುತಾಗಿರಬಹುದು: ತಂದೆ ಬದುಕಿರುವಾಗ ಮೊದಲ ಮಗನಿಗೆ ಲೇಬಲ್ ಎಂಬ ಪಟ್ಟಿ, ಎರಡನೆಯವನಿಗೆ ಅರ್ಧಚಂದ್ರ, ಮೂರನೆಯವನಿಗೆ ಐದು ಮೊನೆಯ ನಕ್ಷತ್ರ, ನಾಲ್ಕನೆಯವನಿಗೆ ಮಾರ್ಟ್ಲೆಟ್. ನಾಲ್ಕನೆಯ ಮಗನಿಗೆ ಊರಲು ಜಮೀನಿರುವುದಿಲ್ಲ, ಅದಕ್ಕೇ ಕಾಲಿಲ್ಲದ ಹಕ್ಕಿ ಎಂಬ ವಿವರಣೆ ಆಮೇಲೆ ಬಂದದ್ದು. ಈ ಗುರುತುಗಳ ಕ್ರಮ ರೂಢಿಯಾಗುವ ಮುಂಚೆಯೇ ಹಕ್ಕಿ ಗುರಾಣಿಗಳ ಮೇಲಿತ್ತು.